ಜೆಪ್ಪುವಿನಿಂದ ಆಡುಗೋಡಿಗೆ: ಕರ್ನಾಟಕದ ಜರ್ಮನ್ ಉದ್ಯಮಗಳಲ್ಲಿ ಉದ್ಯೋಗದ ಏರಿಳಿತ

ಕರ್ನಾಟಕದಲ್ಲಿ ಜರ್ಮನ್ನರು ನಡೆಸಿದ ಮೊದಲ ಕಾರ್ಖಾನೆಗಳು ಕೆಲಸ ಕಳೆದುಕೊಂಡವರಿಗೆ ಕೆಲಸ ಕೊಡುವುದಕ್ಕಾಗಿಯೇ ಹುಟ್ಟಿದವು. ಲಾಭದ ಲೆಕ್ಕ ಆಮೇಲೆ ಬಂತು. 1834ರ ಅಕ್ಟೋಬರ್ 30ರಂದು ಸ್ಯಾಮುಯೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಅವರನ್ನು ಕಳುಹಿಸಿದ್ದು ಬಾಸೆಲ್ ಮಿಶನ್. ಅದರ ಕಚೇರಿ ಇದ್ದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಆದರೆ ಅಲ್ಲಿಂದ ಹೊರಟ ಪಾದ್ರಿಗಳಲ್ಲಿ, ಕುಶಲಕರ್ಮಿಗಳಲ್ಲಿ ಬಹುಪಾಲು ಜನ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಎರಡು ದೇಶಗಳಿಗೆ ಸೇರಿದ ಈ ಹುಟ್ಟು ಎಂಬತ್ತು ವರ್ಷಗಳ ನಂತರ ಸಾವಿರಾರು ಕೂಲಿಕಾರರ ಅನ್ನದ ಪ್ರಶ್ನೆಯಾಯಿತು.

ಕರಾವಳಿಯಲ್ಲಿ ಕ್ರೈಸ್ತ ಮತಕ್ಕೆ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಕಳ್ಳು ಇಳಿಸುವುದು ಅವರಲ್ಲಿ ಅನೇಕರ ಕಸುಬು. ಮಿಶನ್ನಿನವರು ಅದನ್ನು ಒಪ್ಪುತ್ತಿರಲಿಲ್ಲ. ಗೇಣಿಗೆ ಭೂಮಿ ಕೊಟ್ಟಿದ್ದ ಧಣಿಗಳು ಮತ ಬಿಟ್ಟವರನ್ನು ಒಕ್ಕಲೆಬ್ಬಿಸುತ್ತಿದ್ದರು. ಮನೆತನದ ಆಸ್ತಿಯಲ್ಲಿ ಪಾಲು ಸಿಗುವ ಭರವಸೆಯೂ ಇರಲಿಲ್ಲ. ಜಾತಿ ಬಿಟ್ಟವರಿಗೂ ಆಸ್ತಿ ಹಕ್ಕು ಉಳಿಯುತ್ತದೆ ಎಂಬ ಕಾಯಿದೆ ಬಂದದ್ದು 1850ರಲ್ಲಿ, ಅದೂ ಕಾಗದದ ಮೇಲೆ. ಹೀಗೆ ಹೊಸ ಮತಕ್ಕೆ ಬಂದ ಒಂದೊಂದು ಸಂಸಾರವೂ ಮಿಶನ್ನಿಗೆ ಒಂದೊಂದು ಉದ್ಯೋಗದ ಸಮಸ್ಯೆಯಾಯಿತು.

ಮೊದಲ ಪ್ರಯೋಗಗಳು ನೆಲ ಕಚ್ಚಿದವು. ಗದಗ-ಬೆಟಗೇರಿಯ ಹತ್ತಿರ ಮಲಸಮುದ್ರದಲ್ಲಿ 1840ರ ದಶಕದಲ್ಲಿ ಒಂದು ಕೃಷಿ ವಸಾಹತು ಕಟ್ಟಿದರು. ಎರೆಭೂಮಿಯ ಬೇಸಾಯ ಪಾದ್ರಿಗಳ ಕೈಗೆ ಒಗ್ಗಲಿಲ್ಲ, ವಸಾಹತು ನಿಲ್ಲಲಿಲ್ಲ. ಕರಾವಳಿಯಲ್ಲಿ ಗಡಿಯಾರ ತಯಾರಿ ಕಲಿಸಲು ಹೊರಟದ್ದೂ ಕೈಗೂಡಲಿಲ್ಲ. 1840ರ ಮಂಗಳೂರಿನಲ್ಲಿ ಗಡಿಯಾರ ಬೇಕಾದವರು ಎಷ್ಟು ಮಂದಿ ಇದ್ದಾರು! 1841ರಲ್ಲಿ ಶುರುವಾದ ಕಲ್ಲಚ್ಚಿನ ಮುದ್ರಣಾಲಯ ಮಾತ್ರ ಉಳಿದುಕೊಂಡಿತು. 1843ರಲ್ಲಿ ‘ಮಂಗಳೂರು ಸಮಾಚಾರ’ ಅಚ್ಚಾದದ್ದು ಅಲ್ಲಿಯೇ. ಅಚ್ಚುಮನೆ ಹೆಸರು ತಂದಿತೇ ಹೊರತು ಅಲ್ಲಿ ಕೆಲಸ ಸಿಕ್ಕಿದ್ದು ಕೆಲವೇ ಕೈಗಳಿಗೆ.

ನೇಯ್ಗೆಯಿಂದ ಲೆಕ್ಕ ಬದಲಾಯಿತು. 1844ರಲ್ಲಿ ಸಣ್ಣದಾಗಿ ಆರಂಭವಾದ ಮಗ್ಗದ ಕೆಲಸಕ್ಕೆ 1851ರಲ್ಲಿ ಬಂದ ನೇಕಾರ ಹಾಲರ್ ಯುರೋಪಿನ ಮಾದರಿಯ ಅಗಲ ಮಗ್ಗವನ್ನೂ ಬಣ್ಣದ ಮನೆಯನ್ನೂ ಸೇರಿಸಿದ. ಸ್ಥಳೀಯ ಮರದ ವಸ್ತುಗಳಿಂದ ಅವನು ತೆಗೆದ ಕಂದು ಬಣ್ಣವೇ ಮುಂದೆ ಪೊಲೀಸರ, ಸೈನಿಕರ ಖಾಕಿಯಾಯಿತು ಎಂಬುದು ಮಂಗಳೂರಿನಲ್ಲಿ ಇಂದಿಗೂ ಚಲಾವಣೆಯಲ್ಲಿರುವ ಮಾತು. ಪಂಜಾಬಿನ ಗಡಿಯಲ್ಲಿ ಸೈನಿಕರು ಅದಕ್ಕೂ ಮೊದಲೇ ಮಣ್ಣುಬಣ್ಣದ ಬಟ್ಟೆ ತೊಟ್ಟಿದ್ದರು. ಹಾಗಾಗಿ ಖಾಕಿಯ ಹುಟ್ಟನ್ನು ಪೂರ್ತಿ ಮಂಗಳೂರಿನ ಬಲ್ಮಠದಲ್ಲಿದ್ದ ಈ ನೇಯ್ಗೆಮನೆಯ ಖಾತೆಗೆ ಹಾಕುವುದು ಕಷ್ಟ, ಬಣ್ಣ ಗಟ್ಟಿಯಾಗಿ ನಿಲ್ಲುವ ಬಟ್ಟೆ ಅಲ್ಲಿಂದ ಹೋಗುತ್ತಿತ್ತು ಎಂಬುದು ನಿಜ. ಕಣ್ಣಾನೂರು, ಕಲ್ಲಿಕೋಟೆಗಳಲ್ಲೂ ನೇಯ್ಗೆ ಶಾಲೆಗಳು ತೆರೆದವು. 1854ರಲ್ಲಿ ಗಾಟ್ಲೋಬ್ ಪ್ಲೈಡರರ್ ಎಂಬ ವ್ಯಾಪಾರಿಯನ್ನು ಮಿಶನ್ ಮಂಗಳೂರಿಗೆ ಕಳಿಸಿತು. 1859ರಲ್ಲಿ ವ್ಯಾಪಾರಕ್ಕೆಂದೇ ಬಾಸೆಲ್‌ನಲ್ಲಿ ಪ್ರತ್ಯೇಕ ಷೇರು ಕಂಪನಿ ಸ್ಥಾಪನೆಯಾಯಿತು. ಷೇರುದಾರರಿಗೆ ಮಿತವಾದ ಲಾಭಾಂಶ, ಉಳಿದ ಹಣ ಮಿಶನ್ನಿಗೆ ಎಂಬುದು ಅದರ ಕಟ್ಟಳೆ. ಅಲ್ಲಿಂದ ಮುಂದೆ ಎಷ್ಟು ಜನರಿಗೆ ಕೆಲಸ ಕೊಡಬೇಕು ಎಂಬ ಪ್ರಶ್ನೆಯ ಜೊತೆಗೆ ಎಷ್ಟು ಜನರಿಗೆ ಕೊಡಲು ಸಾಧ್ಯ ಎಂಬ ಪ್ರಶ್ನೆಯೂ ಬಂತು.

ಆದರೂ ಸಂಖ್ಯೆ ನಿಜವಾಗಿ ಬೆಳೆದದ್ದು ಹಂಚಿನಿಂದ. ಅಚ್ಚುಮನೆಯ ಯಂತ್ರ ನೋಡಿಕೊಳ್ಳಲು ಬಂದಿದ್ದ ಗೇಯೋರ್ಗ್ ಪ್ಲೆಬ್ಸ್ಟ್ ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಪರೀಕ್ಷಿಸಿ, ಊರಿಗೆ ಹೋದಾಗ ಹಂಚಿನ ತಂತ್ರ ಕಲಿತು ಬಂದ. 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದಾಗ ಅಲ್ಲಿದ್ದದ್ದು ಇಬ್ಬರು ಆಳು, ಮಣ್ಣು ಅರೆಯುವ ಗಾಣಕ್ಕೆ ಒಂದು ಜೊತೆ ಎತ್ತು. ದಿನಕ್ಕೆ ಸುಮಾರು ಐನೂರು ಹಂಚು. ಮುಂದಿನ ನಾಲ್ಕು ದಶಕಗಳಲ್ಲಿ ಕಲ್ಲಿಕೋಟೆ, ಮಂಗಳೂರಿನ ಕುದ್ರೋಳಿ, ಮಲ್ಪೆ, ಕೊಡಕ್ಕಲ್, ಪಾಲ್ಘಾಟ್, ಫೆರೋಕ್‌ಗಳಲ್ಲಿ ಒಂದೊಂದಾಗಿ ಕಾರ್ಖಾನೆಗಳು ಎದ್ದವು. ಮಂಗಳೂರಿನಲ್ಲಿ 1874ರಲ್ಲಿ ಆರಂಭಿಸಿದ ಯಂತ್ರ ಕಾರ್ಯಾಗಾರ ಈ ಕಾರ್ಖಾನೆಗಳಿಗೆ ಬೇಕಾದ ಕಬ್ಬಿಣದ ಕೆಲಸವನ್ನು ಮಾಡಿಕೊಡುತ್ತಿತ್ತು.

ಹಂಚಿನ ಕೆಲಸದಲ್ಲಿ ಕೈಗಳ ಬೇಡಿಕೆ ಹೇಗೆ ಹರಡಿತ್ತು ಎಂಬುದನ್ನು ಕಾರ್ಖಾನೆಯ ಅಂಗಳದಲ್ಲೇ ನೋಡಬಹುದಿತ್ತು. ಮಳೆ ನಿಂತ ಮೇಲೆ ಗದ್ದೆಬದಿಯಲ್ಲಿ ಮಣ್ಣು ಅಗೆಯುವವರು, ಅದನ್ನು ದೋಣಿಯಲ್ಲಿ ನದಿಯ ಮೇಲೆ ತರುವವರು, ದಕ್ಕೆಯಿಂದ ಬುಟ್ಟಿಯಲ್ಲಿ ಹೊತ್ತು ರಾಶಿ ಹಾಕುವವರು. ಮಣ್ಣನ್ನು ಹದಕ್ಕೆ ಬರುವಂತೆ ಅರೆದು ಹಲಗೆಯ ಹಾಗೆ ಕತ್ತರಿಸಿ, ಎಣ್ಣೆ ಸವರಿದ ಅಚ್ಚಿನ ಮೇಲಿಟ್ಟು, ತಿರುಗುಣಿ ಪ್ರೆಸ್ಸಿನ ಚಕ್ರ ಎಳೆದರೆ ಒಂದು ಹಸಿ ಹಂಚು. ಅಂಚಿನಲ್ಲಿ ಉಕ್ಕಿದ ಮಣ್ಣನ್ನು ತಂತಿಯಿಂದ ಕೊಯ್ದು ನೆರಳಿನ ಅಟ್ಟಣೆಗೆ ಸಾಗಿಸುವುದು ಹೆಂಗಸರ ಪಾಲು. ಒಣಗಿದ್ದನ್ನು ಭಟ್ಟಿಯಲ್ಲಿ ಜೋಡಿಸುವುದು ಪಳಗಿದವರ ಕೆಲಸ. ಸಾಲು ತಪ್ಪಿದರೆ ಬೆಂಕಿ ಒಂದೇ ಸಮನೆ ಹತ್ತುವುದಿಲ್ಲ. ಸೌದೆ ತುಂಬುವವರು ರಾತ್ರಿ ಪಾಳಿಯವರು. ಕೊನೆಗೆ ಬೆಂದ ಹಂಚನ್ನು ಬಡಿದು, ಸದ್ದು ಕೇಳಿ ಒಂದನೇ ದರ್ಜೆ, ಎರಡನೇ ದರ್ಜೆ ಎಂದು ವಿಂಗಡಿಸುತ್ತಿದ್ದರು. ಒಂದು ಪ್ರೆಸ್ಸು ಹೆಚ್ಚಾದರೆ ಅದರ ಹಿಂದೆ ಮುಂದೆ ಹತ್ತಾರು ಕೈಗಳು ಬೇಕಾಗುತ್ತಿದ್ದವು. ಗಾಣದ ಎತ್ತಿನ ಜಾಗಕ್ಕೆ ಉಗಿಯಂತ್ರ ಬಂದ ಮೇಲೂ ಆಳುಗಳು ಕಡಿಮೆಯಾಗಲಿಲ್ಲ. ಹೊರುವ, ಜೋಡಿಸುವ ಕೆಲಸಕ್ಕೆ ಯಂತ್ರ ಇರಲಿಲ್ಲ.

ಬೇಡಿಕೆಗೂ ಕೊರತೆಯಿರಲಿಲ್ಲ. ಹುಲ್ಲಿನ ಮಾಡಿಗೆ ಬೆಂಕಿಯ ಭಯ, ನಾಡಹಂಚಿಗೆ ಮಂಗಗಳ ಕಾಟ. ಒಂದಕ್ಕೊಂದು ಕಚ್ಚಿಕೊಳ್ಳುವ ಮಂಗಳೂರು ಹಂಚು ಹಗುರ, ಬಾಳಿಕೆಯೂ ಹೆಚ್ಚು. ಸರ್ಕಾರಿ ಕಟ್ಟಡ, ರೈಲ್ವೆ ನಿಲ್ದಾಣ, ಗೋದಾಮುಗಳಿಗೆ ಅದೇ ಬೇಕಾಯಿತು. ಸಿಲೋನ್, ಏಡನ್, ಪೂರ್ವ ಆಫ್ರಿಕಾಗಳಿಗೆ ಹಡಗಿನಲ್ಲಿ ಹೋಯಿತು. ಮೊದಲ ಮಹಾಯುದ್ಧಕ್ಕೆ ಮುಂಚೆ ಬಾಸೆಲ್ ಮಿಶನ್ನಿನ ಭಾರತೀಯ ಕಾರ್ಖಾನೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಮತಾಂತರಗೊಂಡವರಿಗೆಂದು ಹುಟ್ಟಿದ ಕಾರ್ಖಾನೆಯಲ್ಲಿ ಹಿಂದೂಗಳು, ಮುಸ್ಲಿಮರು ಕೂಡ ಕೂಲಿಗೆ ಬರುತ್ತಿದ್ದರು. ಮಾರುಕಟ್ಟೆ ಬೆಳೆದ ವೇಗಕ್ಕೆ ಕ್ರೈಸ್ತ ಸಭೆಯ ಜನ ಸಾಕಾಗಲಿಲ್ಲ.

ಇಷ್ಟರಲ್ಲಿ ಗೇಟಿನ ಹೊರಗೆ ಇನ್ನೊಂದು ಬೆಳವಣಿಗೆ ನಡೆದಿತ್ತು. ಇತಿಹಾಸಕಾರರು ಇದಕ್ಕೆ ಕೊಟ್ಟ ಜಾಗ ಕಡಿಮೆ, ಕೊಡಬೇಕಾದದ್ದು ಹೆಚ್ಚು. ಜೆಪ್ಪುವಿನ ಕಾರ್ಖಾನೆ ಶುರುವಾದ ಮೂರೇ ವರ್ಷಕ್ಕೆ, 1868ರಲ್ಲಿ, ಮಂಗಳೂರಿನ ಕ್ಯಾಥೊಲಿಕ್ ಆಲ್ಬುಕರ್ಕ್ ಮನೆತನ ತನ್ನದೇ ಹಂಚಿನ ಕಾರ್ಖಾನೆ ತೆರೆಯಿತು. ಮಣ್ಣು ಎಲ್ಲರಿಗೂ ಸಿಗುತ್ತಿತ್ತು, ನದಿ ಎಲ್ಲರದ್ದು. ಬೇಕಾದದ್ದು ಕೆಲಸ ಬಲ್ಲ ಮೇಸ್ತ್ರಿ. ಆ ಮೇಸ್ತ್ರಿಗಳು ತಯಾರಾಗುತ್ತಿದ್ದದ್ದು ಮಿಶನ್ನಿನ ಅಂಗಳದಲ್ಲಿ. ನೇತ್ರಾವತಿ, ಗುರುಪುರ ನದಿಗಳ ದಂಡೆಯುದ್ದಕ್ಕೂ ಸ್ಥಳೀಯರ ಕಾರ್ಖಾನೆಗಳು ಎದ್ದವು, ಮುಂದೆ ಕುಂದಾಪುರದವರೆಗೂ ಹಬ್ಬಿದವು. ಜರ್ಮನ್ನರ ಕಾರ್ಖಾನೆಗಳ ಸಂಖ್ಯೆ ಏಳಕ್ಕೋ ಎಂಟಕ್ಕೋ ನಿಂತಿತು. ಅವರಿಂದ ಕಲಿತವರ ಕಾರ್ಖಾನೆಗಳು ಹತ್ತಾರಾದವು. ಇಪ್ಪತ್ತನೆಯ ಶತಮಾನದಲ್ಲಿ ಹಂಚು ಉದ್ಯಮದ ಬಹುಪಾಲು ಕೆಲಸಗಾರರು ದುಡಿದದ್ದು ಈ ಎರಡನೆಯ ಬಗೆಯ ಕಾರ್ಖಾನೆಗಳಲ್ಲಿ.

1914ರ ಆಗಸ್ಟಿನಲ್ಲಿ ಬ್ರಿಟನ್ ಮತ್ತು ಜರ್ಮನಿಯ ನಡುವೆ ಯುದ್ಧ ಶುರುವಾಯಿತು. ಸ್ವಿಟ್ಜರ್ಲೆಂಡ್ ತಟಸ್ಥ ದೇಶ. ಆದರೆ ಮಿಶನ್ನಿನ ಜನ ಜರ್ಮನ್ನರು. ಸರ್ಕಾರ ಮೊದಲು ಅವರ ಓಡಾಟಕ್ಕೆ ತಡೆ ಹಾಕಿತು, ಆಮೇಲೆ ಸೇನಾ ವಯಸ್ಸಿನ ಗಂಡಸರನ್ನು ಅಹ್ಮದ್‌ನಗರದ ಶಿಬಿರದಲ್ಲಿಟ್ಟಿತು, ಮುಂದೆ ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಸಂಸಾರ ಸಮೇತ ಸಾಗಹಾಕಿತು. ಸ್ವಿಸ್ ಸಿಬ್ಬಂದಿ ಸ್ವಲ್ಪ ಕಾಲ ಕಾರ್ಖಾನೆ ನಡೆಸಿದರು. ಕೊನೆಗೆ ಶತ್ರು ಆಸ್ತಿ ಎಂಬ ಹೆಸರಿನಲ್ಲಿ ಎಲ್ಲವೂ ಸರ್ಕಾರದ ವಶವಾಗಿ, 1919ರಲ್ಲಿ ಲಂಡನ್ನಿನ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿತು. ಕಾರ್ಖಾನೆ ಉಳಿಯಿತು, ಕೆಲಸಗಾರರಲ್ಲಿ ಬಹಳಷ್ಟು ಜನ ಉಳಿದರು, ಒಡೆಯರು ಬದಲಾದರು. ಒಂದು ಉದ್ಯಮದ ಉದ್ಯೋಗ ಅದರ ಒಡೆತನಕ್ಕಿಂತ ಗಟ್ಟಿಯಾಗಿರಬಹುದು ಎಂಬುದಕ್ಕೆ ಕರಾವಳಿಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 1930-40ರ ದಶಕಗಳಲ್ಲಿ ಹಂಚು, ಬೀಡಿ, ಗೇರುಬೀಜ ಕಾರ್ಮಿಕರ ಸಂಘಗಳು ಕಟ್ಟಿಕೊಂಡಾಗ ಅವುಗಳ ಎದುರಿಗಿದ್ದ ಧಣಿಗಳು ಹೆಚ್ಚಾಗಿ ಮಂಗಳೂರಿನವರೇ. ಕಾಂಕ್ರೀಟ್ ತಾರಸಿ ಅಗ್ಗವಾದ ಮೇಲೆ ಹಂಚಿನ ಭಟ್ಟಿಗಳು ಒಂದೊಂದಾಗಿ ಆರಿದವು. ಕಲ್ಲಿಕೋಟೆಯಲ್ಲಿ ಆ ಟ್ರಸ್ಟಿನ ನೇಯ್ಗೆ ಕಾರ್ಖಾನೆ 2009ರಲ್ಲಿ ಮುಚ್ಚಿತು.

ಜರ್ಮನ್ ಬಂಡವಾಳದ ಎರಡನೆಯ ಅಲೆ ಬಂದದ್ದು ಬೆಂಗಳೂರಿಗೆ. ರಾಬರ್ಟ್ ಬಾಷ್ ಕಂಪನಿಯ ಸಾಮಾನು 1922ರಿಂದಲೇ ಕಲ್ಕತ್ತೆಯ ಒಬ್ಬ ಏಜೆಂಟರ ಮೂಲಕ ಭಾರತದಲ್ಲಿ ಮಾರಾಟವಾಗುತ್ತಿತ್ತು. ಸ್ವಾತಂತ್ರ್ಯದ ನಂತರ ಸರ್ಕಾರ ಆಮದಿಗೆ ಕಡಿವಾಣ ಹಾಕಿತು. ಇಲ್ಲಿ ಮಾರಬೇಕೆಂದರೆ ಇಲ್ಲಿಯೇ ತಯಾರಿಸಬೇಕು. 1951ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಸ್ಥಾಪನೆಯಾಗಿ, ಜನರ ಬಾಯಲ್ಲಿ ಮೈಕೋ ಆಯಿತು. ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ತಯಾರಾಯಿತು, ಹಿಂದೆಯೇ ಡೀಸೆಲ್ ಇಂಜಿನ್ನಿನ ಇಂಧನ ಪಂಪು. ಬೆಂಗಳೂರಿನಲ್ಲಿ ಆಗಲೇ 1940ರಿಂದ ವಿಮಾನ ಕಾರ್ಖಾನೆ, 1948ರಿಂದ ಟೆಲಿಫೋನ್ ಕಾರ್ಖಾನೆ ಇದ್ದವು, ಎಚ್‌ಎಂಟಿ ಮತ್ತು ಬಿಇಎಲ್ ಹಿಂದೆಯೇ ಬಂದವು. ಶಿವನಸಮುದ್ರದ ವಿದ್ಯುತ್ತು, ಲೇತು ಹಿಡಿದು ಪಳಗಿದ ಕೈಗಳು, ತಂಪು ಹವೆ ಎಲ್ಲವೂ ಒಂದೆಡೆ ಸಿಗುತ್ತಿದ್ದ ಊರು ಅದು. 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೂಡಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸಲು ತೊಡಗಿದ್ದೇ ತಡ, ಪಂಪಿಗೆ ಬೇಡಿಕೆ ಕಟ್ಟಿಟ್ಟಂತಾಯಿತು.

ಈ ಪಂಪಿನ ಒಳಗಿನ ಒಂದು ಜೋಡಿ ಬಿಡಿಭಾಗ ಮೈಕೋ ಎಂಥ ಕೆಲಸಗಾರರನ್ನು ಹುಡುಕಿತು ಎಂಬುದನ್ನು ತೋರಿಸುತ್ತದೆ. ಬ್ಯಾರಲ್ ಎಂಬ ಉಕ್ಕಿನ ಕೊಳವೆ, ಅದರೊಳಗೆ ಆಡುವ ಪ್ಲಂಜರ್ ಎಂಬ ಸಣ್ಣ ಸರಳು. ಇವೆರಡರ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ. ಡೀಸೆಲ್ಲನ್ನು ಭಾರಿ ಒತ್ತಡದಲ್ಲಿ ದಬ್ಬುವಾಗ ಸೋರದಂತೆ ತಡೆಯಲು ಅಲ್ಲಿ ವಾಶರೂ ಇಲ್ಲ, ರಬ್ಬರೂ ಇಲ್ಲ. ಉಕ್ಕಿಗೆ ಉಕ್ಕು ಕೂಡಿಕೊಂಡಿರುವ ನಯವೇ ತಡೆ. ಒಂದು ಬ್ಯಾರಲ್ಲಿನ ಪ್ಲಂಜರ್ ಇನ್ನೊಂದಕ್ಕೆ ಆಗುವುದಿಲ್ಲ, ಜೋಡಿಯಾಗಿಯೇ ಹುಟ್ಟಿ ಜೋಡಿಯಾಗಿಯೇ ಸವೆಯಬೇಕು. ಒಳ್ಳೆಯ ಜೋಡಿಯಾದರೆ ಡೀಸೆಲ್ ಸವರಿ ಅರ್ಧ ಎಳೆದು ಬಿಟ್ಟ ಪ್ಲಂಜರ್ ತನ್ನ ತೂಕಕ್ಕೆ ತಾನೇ ನಿಧಾನವಾಗಿ ಇಳಿಯುತ್ತದೆ. ಇಂಥ ಕೆಲಸಕ್ಕೆ ಬೀದಿಯಿಂದ ಕೂಲಿಯವರನ್ನು ಕರೆದುಕೊಂಡರೆ ಆಗದು. ಆದ್ದರಿಂದ 1960ರ ದಶಕದ ಆರಂಭದಲ್ಲೇ ಕಂಪನಿ ತನ್ನದೇ ವೃತ್ತಿ ತರಬೇತಿ ಕೇಂದ್ರ ತೆರೆಯಿತು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರನ್ನು ಆರಿಸಿ, ಅರ್ಧ ಪಾಠ ಅರ್ಧ ಯಂತ್ರ ಎಂಬ ಜರ್ಮನ್ ಪದ್ಧತಿಯಲ್ಲಿ ವರ್ಷಗಟ್ಟಲೆ ಪಳಗಿಸುವುದು. ಮೊದಮೊದಲು ಯಂತ್ರದ ಹತ್ತಿರವೂ ಬಿಡದೆ ಅರ ಹಿಡಿಸಿ ಕಬ್ಬಿಣದ ತುಂಡನ್ನು ಚೌಕ ಮಾಡಿಸುವ ಕಟ್ಟುನಿಟ್ಟು. 1961ರ ಅಪ್ರೆಂಟಿಸ್ ಕಾಯಿದೆ ದೇಶಕ್ಕೆಲ್ಲ ಇದೇ ಮಾದರಿಯನ್ನು ಹರಡಲು ನೋಡಿತು, ಆದರೆ ಕಾಯಿದೆಯ ಅಕ್ಷರ ಹೋದ ಕಡೆಗೆಲ್ಲ ಆ ಶಿಸ್ತು ಹೋಗಲಿಲ್ಲ.

ಹೀಗೆ ಕಾಯಂ ಆದವರ ಬದುಕು ಬದಲಾಯಿತು. ಬೋನಸ್, ಕ್ಯಾಂಟೀನ್, ಪಿಎಫ್, ನಿವೃತ್ತಿಯವರೆಗೂ ಅಲುಗಾಡದ ಕೆಲಸ. ಬಿಟಿಎಂ ಬಡಾವಣೆಯ ಮಗ್ಗುಲಲ್ಲಿ ಮೈಕೋ ಲೇಔಟ್ ಎಂಬ ಬಡಾವಣೆಯೇ ಇದೆ, ಅದೇ ಹೆಸರಿನ ಪೊಲೀಸ್ ಠಾಣೆಯೂ ಇದೆ. ಕಂಪನಿ ತನ್ನ ಹೆಸರನ್ನೇ ಬಿಟ್ಟು 2008ರಲ್ಲಿ ಬಾಷ್ ಲಿಮಿಟೆಡ್ ಆದರೂ ನಗರದ ನಕಾಶೆ ಹಳೆಯ ಹೆಸರನ್ನು ಬಿಟ್ಟಿಲ್ಲ. 1964ರಲ್ಲಿ ತುಮಕೂರು ರಸ್ತೆಯಲ್ಲಿ ಬಂದ ಕ್ರುಪ್ ಕಂಪನಿಯ ವಿಡಿಯಾ ಕಾರ್ಖಾನೆ ಲೇತಿಗೆ ಬೇಕಾದ ಗಡುಸು ಮೊನೆಗಳನ್ನು ಮಾಡುತ್ತಿತ್ತು. ಅಲ್ಲಿಯೂ ಹೆಚ್ಚುಕಡಿಮೆ ಇದೇ ಬಗೆಯ ಕಾಯಂ ಕೆಲಸಗಾರರ ಪಂಗಡ ಬೆಳೆಯಿತು.

ಬೆಂಗಳೂರಿನ ಇಂಥ ಕಾರ್ಖಾನೆ ಕೆಲಸಗಾರರ ನಡುವೆ ಅಧ್ಯಯನ ನಡೆಸಿದ ಮಾರ್ಕ್ ಹೋಮ್‌ಸ್ಟ್ರಾಮ್ ಎಂಬ ಬ್ರಿಟಿಷ್ ಮಾನವಶಾಸ್ತ್ರಜ್ಞ 1976ರ ತನ್ನ ಪುಸ್ತಕದಲ್ಲಿ ಸಂಘಟಿತ ವಲಯವನ್ನು ಒಂದು ಕೋಟೆ ಎಂದು ಬಣ್ಣಿಸಿದ. ಒಳಗಿದ್ದವರಿಗೆ ಎಲ್ಲ ಉಂಟು, ಹೊರಗಿದ್ದವರು ಗೋಡೆ ಹತ್ತಲು ಒದ್ದಾಡುತ್ತಾರೆ. 1984ರ ಮತ್ತೊಂದು ಪುಸ್ತಕದಲ್ಲಿ ಅವನೇ ಇದನ್ನು ತಿದ್ದಿಕೊಂಡ. ಕೆಲಸಗಾರರ ನಡುವೆ ಇರುವುದು ಒಂದೇ ಒಂದು ಗೋಡೆಯಲ್ಲ, ಬೆಟ್ಟದ ಇಳಿಜಾರಿನಂತೆ ಹಲವು ಮಟ್ಟಗಳು ಎಂದ. ಎರಡನೆಯ ಮಾತೇ ನಿಜಕ್ಕೆ ಹತ್ತಿರ. ಆಡುಗೋಡಿಯ ದೊಡ್ಡ ಕಾರ್ಖಾನೆಯ ಸುತ್ತ ನಟ್ಟು, ಸ್ಪ್ರಿಂಗು, ಎರಕದ ತುಂಡು ಮಾಡಿಕೊಡುವ ಸಣ್ಣ ಘಟಕಗಳು ಬೆಳೆದವು. ಪೀಣ್ಯ, ಬೊಮ್ಮಸಂದ್ರಗಳ ಶೆಡ್ಡುಗಳಲ್ಲಿ ಐದು ಹತ್ತು ಜನರಿಂದ ನೂರಿನ್ನೂರು ಜನರವರೆಗೆ ದುಡಿಯುವವರು ಸೇರಿದರು. ಅವುಗಳಲ್ಲಿ ಎಷ್ಟೋ ಘಟಕಗಳನ್ನು ಶುರುಮಾಡಿದವರು ದೊಡ್ಡ ಕಾರ್ಖಾನೆಗಳಲ್ಲಿ ಕಲಿತು ಹೊರಬಿದ್ದವರು. ನೇತ್ರಾವತಿಯ ದಂಡೆಯಲ್ಲಿ ಮೇಸ್ತ್ರಿಗಳು ಮಾಡಿದ್ದನ್ನು ಇಲ್ಲಿ ಟೂಲ್‌ರೂಮಿನವರು ಮಾಡಿದರು.

ಕೋಟೆಯೊಳಗಿನ ಸಂಖ್ಯೆ ಮಾತ್ರ ಒಂದು ಮಟ್ಟದ ಮೇಲೆ ಏರಲಿಲ್ಲ. ಅದಕ್ಕೆ ಕಾರಣ ಹಲವು. ಬಾಷ್ ಹೊಸ ಘಟಕಗಳನ್ನು ಬೇರೆ ಕಡೆ ಕಟ್ಟಿತು: 1970ರ ಸುಮಾರಿಗೆ ನಾಸಿಕ್, ಆಮೇಲೆ ಬೆಂಗಳೂರಿನ ಹೊರವಲಯದ ನಾಗನಾಥಪುರ, ಜೈಪುರ. 1976ರ ತಿದ್ದುಪಡಿಯಿಂದ ಮುನ್ನೂರು, 1982ರ ತಿದ್ದುಪಡಿಯಿಂದ ನೂರು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಯವರು ಕೆಲಸದಿಂದ ತೆಗೆಯಲು ಸರ್ಕಾರದ ಅನುಮತಿ ಪಡೆಯಬೇಕಾಯಿತು. ತೆಗೆಯುವುದು ಕಷ್ಟವಾದ ಮೇಲೆ ಸೇರಿಸಿಕೊಳ್ಳುವುದಕ್ಕೂ ಕಂಪನಿಗಳು ಹಿಂದೇಟು ಹಾಕಿದವು ಎನ್ನುವವರು ಇದ್ದಾರೆ. ಯಂತ್ರಗಳೇ ಬದಲಾದದ್ದು ದೊಡ್ಡ ಕಾರಣ ಎನ್ನುವವರೂ ಇದ್ದಾರೆ. ಎರಡೂ ಸೇರಿದ ಫಲವೆಂದರೆ ಗುತ್ತಿಗೆ ಕಾರ್ಮಿಕರು. ಒಂದೇ ಸಾಲಿನಲ್ಲಿ ನಿಂತು ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬ ಕಾಯಂ, ಇನ್ನೊಬ್ಬ ಗುತ್ತಿಗೆ. ಸಂಬಳದಲ್ಲಿ ಎರಡು ಮೂರು ಪಟ್ಟು ಅಂತರ. ಬೇಡಿಕೆ ಇಳಿದಾಗ ಮೊದಲು ಹೊರಗೆ ಹೋಗುವವನು ಯಾರೆಂದು ಹೇಳಬೇಕಾಗಿಲ್ಲ.

ಇದೇ ಸಂಕಟವನ್ನು ಜರ್ಮನಿಯಲ್ಲಿ ಬೇರೆ ರೀತಿ ನಿಭಾಯಿಸಿದರು. 2009ರಲ್ಲಿ ಅಲ್ಲಿನ ರಫ್ತು ಕುಸಿದು ರಾಷ್ಟ್ರೀಯ ಉತ್ಪನ್ನ ಶೇಕಡ 5ಕ್ಕಿಂತ ಹೆಚ್ಚು ಇಳಿದರೂ ನಿರುದ್ಯೋಗ ಹೆಚ್ಚು ಏರಲಿಲ್ಲ. ಕಂಪನಿಗಳು ಜನರನ್ನು ಬಿಡದೆ ಗಂಟೆಗಳನ್ನು ಕಡಿತ ಮಾಡಿದವು, ಕಡಿತವಾದ ಸಂಬಳದ ಒಂದು ಪಾಲನ್ನು ಸರ್ಕಾರಿ ವಿಮೆ ತುಂಬಿತು. ಆ ವರ್ಷದ ಮೇ ತಿಂಗಳಲ್ಲಿ 14 ಲಕ್ಷಕ್ಕೂ ಹೆಚ್ಚು ಜನ ಈ ಅರೆಗೆಲಸದ ಯೋಜನೆಯಲ್ಲಿದ್ದರು. ನ್ಯೂರೆಂಬರ್ಗ್‌ನ ಉದ್ಯೋಗ ಸಂಶೋಧನಾ ಸಂಸ್ಥೆ 1993ರಿಂದ ಪ್ರತಿವರ್ಷ ಸಾವಿರಾರು ಉದ್ಯಮಗಳನ್ನು ಕಂಡು ನಡೆಸುವ ಸಮೀಕ್ಷೆಗಳು ಇನ್ನೊಂದು ಸಂಗತಿಯನ್ನು ಕಾಣಿಸುತ್ತವೆ. ಒಟ್ಟು ಉದ್ಯೋಗ ನಿಂತಲ್ಲೇ ನಿಂತಂತಿರುವ ವರ್ಷದಲ್ಲೂ ಒಳಗೆ ಭಾರಿ ಓಡಾಟ ಇರುತ್ತದೆ. ಕೆಲವು ಉದ್ಯಮ ಬೆಳೆಯುತ್ತವೆ, ಅಷ್ಟೇ ಕೆಲವು ಕುಗ್ಗುತ್ತವೆ. ಗೇಟಿನ ಒಳಗಿನ ಹಾಜರಿ ಪುಸ್ತಕವೊಂದನ್ನೇ ನೋಡಿದವರಿಗೆ ಇದು ಕಾಣದು.

ಈ ಉದ್ಯೋಗಗಳು ಕರ್ನಾಟಕದಲ್ಲಿ ಯಾರಿಗೆ ಸಿಕ್ಕವು ಎಂಬುದು ಬೇರೆಯೇ ಕಥೆ. ಬೆಂಗಳೂರಿನ ಕಾರ್ಖಾನೆಗಳಲ್ಲಿ ಕನ್ನಡಿಗರಿಗೆ ಪಾಲು ಬೇಕೆಂಬ ಕೂಗು ಗೋಕಾಕ್ ಚಳವಳಿಯ ಕಾಲದಲ್ಲಿ ಬಲವಾಯಿತು. 1983ರಲ್ಲಿ ನೇಮಕವಾದ ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ 58 ಶಿಫಾರಸುಗಳನ್ನು ಕೊಟ್ಟಿತು. ಖಾಸಗಿ ಕಂಪನಿಗಳ ಮಟ್ಟಿಗೆ ಅದು ವಿನಂತಿಯಾಗಿಯೇ ಉಳಿಯಿತು. 2024ರ ಜುಲೈನಲ್ಲಿ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ನೀಡುವ ಮಸೂದೆಯನ್ನು ಸಂಪುಟ ಒಪ್ಪಿತು. ಉದ್ಯಮಿಗಳು ಗದ್ದಲ ಎಬ್ಬಿಸಿದ್ದರಿಂದ ಕೆಲವೇ ದಿನಗಳಲ್ಲಿ ಅದು ತಡೆಹಿಡಿಯಲ್ಪಟ್ಟಿತು. ಸ್ಥಳೀಯ ಎಂಬ ಮಾತಿನೊಳಗೂ ಹತ್ತಿರ-ದೂರಗಳಿವೆ. ಯಾದಗಿರಿಯ ರಾಮಸಮುದ್ರದ ಹುಡುಗನಿಗೆ ಆಡುಗೋಡಿ ಐನೂರು ಕಿಲೋಮೀಟರಿನ ಆಚೆಯ ಮಾತು. ಆ ಸೀಮೆ ನಿಜಾಮನ ಆಳ್ವಿಕೆಯಲ್ಲಿದ್ದುದರಿಂದ ಬಾಸೆಲ್ ಮಿಶನ್ನಿನ ಶಾಲೆಯಾಗಲಿ ಕಾರ್ಯಾಗಾರವಾಗಲಿ ಅತ್ತ ಸುಳಿಯಲಿಲ್ಲ. ಮಿಶನ್ನಿನ ಠಾಣೆಗಳು ಇದ್ದದ್ದು ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡದಂಥ ಊರುಗಳಲ್ಲಿ. ಮಾಳಿಗೆ ಮನೆಗಳ ನಾಡಾದ್ದರಿಂದ ಮಂಗಳೂರು ಹಂಚಿಗೂ ಅಲ್ಲಿ ದೊಡ್ಡ ಗಿರಾಕಿ ಇರಲಿಲ್ಲ.

ಆದರೂ ಜರ್ಮನ್ ಕಂಪನಿಯ ಉದ್ಯೋಗ ಸುತ್ತಿ ಬಳಸಿ ಆ ಕಡೆಗೂ ಮುಟ್ಟಿದೆ. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದು, ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರ ತಾಲೂಕುಗಳ ಹೊಲಗಳಿಗೆ ಹರಿದಾಗ ಭತ್ತ ಬಂತು, ಭತ್ತದ ಹಿಂದೆ ಟ್ರ್ಯಾಕ್ಟರು, ಡೀಸೆಲ್ ಇಂಜಿನ್ನು ಬಂದವು. ಅವುಗಳ ಪಂಪು, ನಾಜಲ್ಲು ಕೆಟ್ಟಾಗ ಬಿಚ್ಚಿ, ತೊಳೆದು, ಒತ್ತಡ ನೋಡಿ ಕೂಡಿಸುವ ಮೆಕ್ಯಾನಿಕ್ ಬೇಕು. ಊರೂರಿನ ಪಂಪ್ ರಿಪೇರಿ ಅಂಗಡಿಗಳಲ್ಲಿ ಒಬ್ಬ ಮೇಸ್ತ್ರಿಯ ಕೈಕೆಳಗೆ ಇಬ್ಬರು ಹುಡುಗರು ಕಲಿಯುತ್ತಾರೆ. ಕಂಪನಿಯ ನೌಕರರ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಪಿಎಫ್ ಇಲ್ಲ. ಅವರ ಕಸುಬು ನಿಂತಿರುವುದು ಮಾತ್ರ ಆಡುಗೋಡಿಯಲ್ಲಿ ಜೋಡಿಯಾದ ಅದೇ ಪ್ಲಂಜರ್-ಬ್ಯಾರಲ್ ಮೇಲೆ. ಇನ್ನೊಂದು ದಾರಿ ಗುಳೆ. ಬಿತ್ತನೆ ಕೈಕೊಟ್ಟ ವರ್ಷ ಯಾದಗಿರಿಯಿಂದ ಸಂಸಾರಗಳು ಮಕ್ಕಳುಮರಿ ಸಮೇತ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದಿಗೆ ದುಡಿಯಲು ಹೋಗುತ್ತವೆ. ಬೆಂಗಳೂರಿನ ಗಾಜಿನ ಕಟ್ಟಡಗಳ ಪಾಯ ತೋಡಿದವರಲ್ಲಿ, ಕಾಂಕ್ರೀಟ್ ಹೊತ್ತವರಲ್ಲಿ ಕಲ್ಯಾಣ ಕರ್ನಾಟಕದವರ ಪಾಲು ದೊಡ್ಡದು. ಕಟ್ಟಡ ಮುಗಿದ ಮೇಲೆ ಒಳಗೆ ಕೂರುವ ಉದ್ಯೋಗ ಬೇರೆಯವರದ್ದು. ಸಂವಿಧಾನದ 371ಜೆ ವಿಧಿ ಈ ಭಾಗದವರಿಗೆ ಸರ್ಕಾರಿ ನೌಕರಿಯಲ್ಲಿ, ಕಾಲೇಜು ಸೀಟಿನಲ್ಲಿ ಮೀಸಲು ಕೊಟ್ಟಿತು. ಕಂಪನಿಗಳ ನೇಮಕಾತಿ ಅದರ ವ್ಯಾಪ್ತಿಗೆ ಬರುವುದಿಲ್ಲ.

ಆ ಗಾಜಿನ ಕಟ್ಟಡಗಳ ಕಥೆ ಶುರುವಾಗುವುದು 1990ರ ದಶಕದ ಕೊನೆಯಲ್ಲಿ. ಮರ್ಸಿಡಿಸ್-ಬೆಂಜ್ ತನ್ನ ಸಂಶೋಧನಾ ಕೇಂದ್ರವನ್ನು 1996ರಲ್ಲಿ, ಸ್ಯಾಪ್ ಕಂಪನಿ ತನ್ನ ಸಾಫ್ಟ್‌ವೇರ್ ಕೇಂದ್ರವನ್ನು 1998ರಲ್ಲಿ ಬೆಂಗಳೂರಿನಲ್ಲಿ ತೆರೆದವು. ಬಾಷ್ ಕೂಡ ಅದೇ ಹೊತ್ತಿಗೆ ಕೋರಮಂಗಲದಲ್ಲಿ ಪ್ರತ್ಯೇಕ ಸಾಫ್ಟ್‌ವೇರ್ ಸಂಸ್ಥೆ ಆರಂಭಿಸಿತು. ಇಪ್ಪತ್ತು ವರ್ಷಗಳಲ್ಲಿ ಅದು ಜರ್ಮನಿಯ ಹೊರಗೆ ಬಾಷ್‌ನ ಅತಿದೊಡ್ಡ ತಂತ್ರಾಂಶ ಕೇಂದ್ರವಾಗಿ, ಹತ್ತು ಸಾವಿರಕ್ಕೂ ಮೀರಿದ ಇಂಜಿನಿಯರುಗಳಿಗೆ ಕೆಲಸ ಕೊಟ್ಟಿತು. ಪಂಪಿನ ಒಳಗೆ ಉಕ್ಕು ಮಾಡುತ್ತಿದ್ದ ಕೆಲಸವನ್ನು ಈಗ ಇಂಜಿನ್ನಿನ ಮೇಲೆ ಕೂತ ಕಂಪ್ಯೂಟರ್ ಮಾಡುತ್ತದೆ, ಆ ಕಂಪ್ಯೂಟರಿಗೆ ಆದೇಶ ಬರೆಯುವವರು ಕೋರಮಂಗಲದಲ್ಲಿದ್ದಾರೆ. ಎಸ್ಸೆಸ್ಸೆಲ್ಸಿ, ಐಟಿಐ ಓದಿದವರಿಗೆ ತೆರೆದಿದ್ದ ಬಾಗಿಲು ಹೀಗೆ ಬಿಇ ಓದಿದವರ ಕಡೆಗೆ ತಿರುಗಿತು. ಮಂಗಳೂರಿಗೆ ಜರ್ಮನ್ ಬಂಡವಾಳ ಮರಳಿ ಬಂದದ್ದೂ ಆಗಲೇ. 1996ರಲ್ಲಿ ಸುರತ್ಕಲ್ ಬಳಿಯ ಬಾಳದಲ್ಲಿ ಬಿಎಎಸ್‌ಎಫ್ ರಾಸಾಯನಿಕ ಕಾರ್ಖಾನೆ ತೆರೆಯಿತು. ಹೂಡಿದ ಹಣ ದೊಡ್ಡದು, ಬೇಕಾದ ಕೈಗಳು ಹಂಚಿನ ಕಾಲಕ್ಕೆ ಹೋಲಿಸಿದರೆ ತೀರ ಕಡಿಮೆ.

ಆಡುಗೋಡಿಯ ಯಂತ್ರಗಳು 2015ರ ಸುಮಾರಿನಿಂದ ಬಿಡದಿಗೆ ಸಾಗಿದವು. ಅದೇ ವರ್ಷದ ಅಕ್ಟೋಬರ್ 6ರಂದು ಪ್ರಧಾನಿ ಮೋದಿ ಮತ್ತು ಜರ್ಮನಿಯ ಚಾನ್ಸಲರ್ ಏಂಜೆಲಾ ಮರ್ಕೆಲ್ ಜೊತೆಯಾಗಿ ಆಡುಗೋಡಿಯ ತರಬೇತಿ ಕೇಂದ್ರ ನೋಡಿ ಹೋದರು. 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ಹೊಗೆ ನಿಯಮ ಬಂದ ಮೇಲೆ ಹೊಸ ಲಾರಿ, ಕಾರುಗಳಲ್ಲಿ ಹಳೆಯ ಮಾದರಿಯ ಪಂಪಿಗೆ ಜಾಗವೇ ಉಳಿಯಲಿಲ್ಲ. 2022ರ ಜೂನ್ 30ರಂದು ಹಳೆಯ ಕಾರ್ಖಾನೆಯ ಜಾಗದಲ್ಲಿ ಸ್ಪಾರ್ಕ್.ಎನ್‌ಎಕ್ಸ್‌ಟಿ ಎಂಬ ಇಂಜಿನಿಯರಿಂಗ್ ಆವರಣ ಉದ್ಘಾಟನೆಯಾಯಿತು. ಮೂರು ಪಾಳಿಯ ಸೈರನ್ ಕೂಗುತ್ತಿದ್ದ ಕಡೆ ಈಗ ಗುರುತಿನ ಚೀಟಿ ಉಜ್ಜಿ ಒಳಹೋಗುವ ಬಾಗಿಲುಗಳು.

ಜನರ ಓಡಾಟದ ದಿಕ್ಕೂ ತಿರುಗಿದೆ. 2000ದಲ್ಲಿ ಜರ್ಮನಿ ವಿದೇಶಿ ಕಂಪ್ಯೂಟರ್ ತಜ್ಞರಿಗೆ ಗ್ರೀನ್ ಕಾರ್ಡ್ ಯೋಜನೆ ತಂದಾಗ ಅಲ್ಲಿನ ಚುನಾವಣೆಯೊಂದರಲ್ಲಿ ಭಾರತೀಯರ ವಿರುದ್ಧ ಘೋಷಣೆಗಳು ಕೇಳಿಬಂದವು, ಬಂದವರೂ ನಿರೀಕ್ಷೆಗಿಂತ ಕಡಿಮೆ. ಕಾಲು ಶತಮಾನದ ಹೊತ್ತಿಗೆ ಅಲ್ಲಿ ದುಡಿಯುವ ವಯಸ್ಸಿನವರು ಕಡಿಮೆಯಾದರು. 2022ರ ಡಿಸೆಂಬರಿನಲ್ಲಿ ಎರಡು ದೇಶಗಳು ವಲಸೆ ಒಪ್ಪಂದಕ್ಕೆ ಸಹಿ ಹಾಕಿದವು. 2024ರಲ್ಲಿ ಕುಶಲ ಭಾರತೀಯರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ ಹೇಳಿತು. ಅದೇ ಹೊತ್ತಿಗೆ ಅಲ್ಲಿನ ವಾಹನ ಉದ್ಯಮ ಕುಗ್ಗತೊಡಗಿತ್ತು. 2025ರ ಸೆಪ್ಟೆಂಬರಿನಲ್ಲಿ ಬಾಷ್ ತನ್ನ ವಾಹನ ಬಿಡಿಭಾಗ ವಿಭಾಗದಲ್ಲಿ ಮತ್ತೆ ಸುಮಾರು 13,000 ಉದ್ಯೋಗಗಳನ್ನು, ಅವುಗಳಲ್ಲಿ ಹೆಚ್ಚಿನವನ್ನು ಜರ್ಮನಿಯಲ್ಲಿ, ಕಡಿತ ಮಾಡುವುದಾಗಿ ಪ್ರಕಟಿಸಿತು. ಆಸ್ಪತ್ರೆ, ವಯೋವೃದ್ಧರ ಆರೈಕೆ, ವಿದ್ಯುತ್ ಕೆಲಸ, ಲಾರಿ ಚಾಲನೆಗಳಲ್ಲಿ ಜನ ಸಿಗುತ್ತಿಲ್ಲ, ಬಿಡಿಭಾಗದ ಕಾರ್ಖಾನೆಗಳಲ್ಲಿ ಜನ ಹೆಚ್ಚಾಗಿದ್ದಾರೆ. ಕರ್ನಾಟಕದ ನರ್ಸಿಂಗ್ ಮತ್ತು ಐಟಿಐ ಓದಿದ ಹುಡುಗ-ಹುಡುಗಿಯರು ಈಗ ಜರ್ಮನ್ ಭಾಷೆಯ ತರಗತಿಗಳಿಗೆ ಸೇರುತ್ತಿರುವುದು ಈ ಮೊದಲನೆಯ ಬಗೆಯ ಕೆಲಸಗಳಿಗಾಗಿ.